ಬೆಳಿಗ್ಗೆ ಸೇರಿಸಿದ ನಂಬರ್ ಸಂಜೆಗೆ ಮಾಯವಾಗೋದು ಯಾಕೆ?

ಪ್ರಶ್ನೆ: ನಮ್ಮದು ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರದ ಆಫೀಸು. ಮೂರು ಕಂಪ್ಯೂಟರ್ ಇವೆ. ಮೂರರಲ್ಲೂ ಮೇಲ್ ನೋಡೋದು ಥಂಡರ್‌ಬರ್ಡ್‌ನಲ್ಲಿ. ಮಿಲ್‌ನವರು, ಬ್ರೋಕರ್‌ಗಳು, ಲಾರಿ ಟ್ರಾನ್ಸ್‌ಪೋರ್ಟ್‌ನವರು, ಹೊರರಾಜ್ಯದ ಖರೀದಿದಾರರು ಎಲ್ಲ ಸೇರಿ ಸುಮಾರು 600 ಕಾಂಟ್ಯಾಕ್ಟ್ ಇವೆ. ಎಲ್ಲರಿಗೂ ಒಂದೇ ಅಡ್ರೆಸ್ ಬುಕ್ ಕಾಣಲಿ ಅಂತ ಪರಿಚಯದವರೊಬ್ಬರು ಆ ಫೈಲನ್ನು ಆಫೀಸಿನ ನಾಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಎಲ್ಲ ಕಂಪ್ಯೂಟರ್‌ಗೂ ಸಿಗುವ ಡಿಸ್ಕ್ ಡಬ್ಬಿ) ಇಟ್ಟು, ಮೂರೂ ಮೆಷಿನ್‌ನಿಂದ ಅದಕ್ಕೆ ಲಿಂಕ್ ಮಾಡಿಕೊಟ್ಟರು. ಮೊದಮೊದಲು ಚೆನ್ನಾಗಿತ್ತು. ಈ ಸುಗ್ಗಿಯಲ್ಲಿ ಕೆಲಸ ಜಾಸ್ತಿಯಾದ ಮೇಲೆ ತೊಂದರೆ ಶುರುವಾಗಿದೆ. ನಾನು ಬೆಳಿಗ್ಗೆ ಹತ್ತು ಹನ್ನೆರಡು ಹೊಸ ನಂಬರ್ ಹಾಕಿದರೆ ಮರುದಿನ ಅವು ಇರೋದಿಲ್ಲ. ತಿದ್ದಿದ ನಂಬರ್ ಹಳೆಯದಕ್ಕೇ ವಾಪಸ್ ಹೋಗಿರುತ್ತದೆ. ಒಮ್ಮೆ ಇಡೀ ಪುಸ್ತಕ ಖಾಲಿ ಕಂಡಿತು, ಥಂಡರ್‌ಬರ್ಡ್ ಮುಚ್ಚಿ ತೆರೆದಾಗ ಬಂತು. ಸಂಜೆ ಕೊನೆಗೆ ಮೆಷಿನ್ ಮುಚ್ಚಿ ಹೋಗುವವನು ನನ್ನ ಅಕ್ಕನ ಮಗ. ಅವನು ಏನೋ ಮಾಡ್ತಾನೆ ಅಂತ ಆಫೀಸಿನಲ್ಲಿ ಮಾತು. ನಾನೇ ಎರಡು ಸಲ ಬೈದಿದ್ದೇನೆ. ಇದು ವೈರಸ್ಸಾ? ನಾಸ್ ಹಾಳಾಗಿದೆಯಾ? ಹೊಸದು ತಗೊಳ್ಳಬೇಕಾ? ಅಥವಾ ಇವನೇ ಗೊತ್ತಿಲ್ಲದೆ ಏನಾದರೂ ಒತ್ತುತ್ತಿದ್ದಾನಾ?

ಉತ್ತರ: ಮೊದಲು ಆ ಹುಡುಗನ ವಿಷಯ. ಅವನು ಏನೂ ಒತ್ತಿಲ್ಲ. ನೀವು ಬರೆದಿರುವ ಲಕ್ಷಣ ನೋಡಿದರೆ ಇದು ಯಾರೋ ಅಳಿಸಿದ್ದಲ್ಲ. ಕೈತಪ್ಪಿ ಅಳಿಸಿದರೆ ಹೆಸರು ಹೋಗುತ್ತದೆ, ಅಷ್ಟೇ. ತಿದ್ದಿದ ನಂಬರ್ ಹಳೆಯದಕ್ಕೆ ವಾಪಸ್ ಬರೋದಿಲ್ಲ. ಅವನು ಕೊನೆಗೆ ಮೆಷಿನ್ ಮುಚ್ಚುತ್ತಾನೆ ಅನ್ನೋದು ಒಳ್ಳೆಯ ಸುಳಿವು, ಆದರೆ ಅದು ತೋರಿಸುವುದು ಬೇರೆಯದನ್ನು. ಆ ಜಾಗದಲ್ಲಿ ನೀವೇ ಕೂತು ಕೊನೆಗೆ ಮುಚ್ಚಿದ್ದರೂ ಇದೇ ಆಗುತ್ತಿತ್ತು.

ಇದನ್ನೇ ಮೊದಲು ಹೇಳೋಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ರಾಯಚೂರಿನಲ್ಲಿ ಹತ್ತಿ ವ್ಯಾಪಾರದ ಒಂದು ಆಫೀಸಿಗೆ ಇದೇ ದೂರಿನ ಮೇಲೆ ಹೋಗಿದ್ದೆ. ಎರಡು ದಿನ ನಾನೂ ದಾರಿ ತಪ್ಪಿದೆ. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಆ್ಯಂಟಿವೈರಸ್ ಓಡಿಸಿದೆ. ಏನೂ ಸಿಗಲಿಲ್ಲ. ಮೂರನೇ ದಿನ ಕೆಲಸ ಮಾಡುವವರ ಹಿಂದೆ ಸುಮ್ನೆ ಕುರ್ಚಿ ಹಾಕಿ ಕೂತೆ. ಒಬ್ಬರು ನಂಬರ್ ಸೇರಿಸಿದರು, ಇನ್ನೊಬ್ಬರ ಪರದೆಯಲ್ಲಿ ಅದು ಬರಲೇ ಇಲ್ಲ. ಆಮೇಲೆ ಆ ಇನ್ನೊಬ್ಬರು ತಮ್ಮದೇ ಒಂದು ತಿದ್ದಿ ಮುಚ್ಚಿದರು. ಮೊದಲಿನವರದು ಹೋಯಿತು. ಕಾರಣ ಕಣ್ಣೆದುರೇ ಇತ್ತು. ಆದರೆ ನಾನು ಹೋಗುವ ಮೊದಲೇ ಅಲ್ಲಿ ಒಬ್ಬ ಹೆಣ್ಣುಮಗಳು ಈ ಮಾತು ಕೇಳಲಾರದೆ ಕೆಲಸ ಬಿಟ್ಟು ಹೋಗಿದ್ದರು. ಅದು ನನಗೆ ಇವತ್ತಿಗೂ ಬೇಜಾರು. ಅದಕ್ಕೇ ಹೇಳ್ತೀನಿ, ಮುಂದಿನದನ್ನು ಓದುವ ಮೊದಲು ಹುಡುಗನನ್ನು ಕರೆದು ಒಂದು ಮಾತು ಆಡಿಬಿಡಿ.

ಈಗ ವೈರಸ್ ಮತ್ತು ನಾಸ್. ವೈರಸ್ ಇದ್ದಿದ್ದರೆ ಬರೀ ಅಡ್ರೆಸ್ ಬುಕ್ಕಿನ ನಾಲ್ಕು ನಂಬರ್ ತಿಂದು ಬಿಡುತ್ತಿರಲಿಲ್ಲ. ನಾಸ್‌ನ ಡಿಸ್ಕ್ ಹಾಳಾಗಿದ್ದರೆ ಬೇರೆ ಫೈಲ್‌ಗಳೂ ತೆರೆಯುವಾಗ ತಕರಾರು ಮಾಡುತ್ತಿದ್ದವು. ಬಿಲ್ಲು, ಫೋಟೊ, ಸ್ಕ್ಯಾನ್ ಮಾಡಿದ ಕಾಗದ ಎಲ್ಲ ಸರಿ ಇದ್ದು ಇದೊಂದೇ ಕೈಕೊಡುತ್ತಿದ್ದರೆ ಡಬ್ಬಿಯ ಮೇಲೆ ಅನುಮಾನ ಬೇಡ. ಹೊಸ ನಾಸ್‌ಗೆ ದುಡ್ಡು ಹಾಕಬೇಡಿ. ದುಬಾರಿ ನಾಸ್ ತಂದರೂ ಮೊದಲ ವಾರದಲ್ಲೇ ಇದೇ ಕತೆ ಶುರುವಾಗುತ್ತದೆ. ಮಧ್ಯಾಹ್ನದ ಹೊತ್ತು ಕರೆಂಟ್ ಹೋಗಿ ಬರುವುದರಿಂದ ಫೈಲ್ ಕೆಡುವುದುಂಟು, ಹಾಗಾಗಿ ನಾಸ್‌ಗೂ ನೆಟ್‌ವರ್ಕ್ ಸ್ವಿಚ್‌ಗೂ ಯುಪಿಎಸ್ ಇರಲಿ. ಆದರೆ ದಿನಾ ಸಂಜೆ ತಪ್ಪದೆ ಆಗುವ ನಷ್ಟಕ್ಕೆ ಕರೆಂಟ್ ಕಾರಣ ಅಲ್ಲ.

ಹಾಗಾದರೆ ಏನು? ಥಂಡರ್‌ಬರ್ಡ್‌ನ ಅಡ್ರೆಸ್ ಬುಕ್ ಅನ್ನೋದು ಒಂದು ಕಂಪ್ಯೂಟರ್‌ನಲ್ಲಿ, ಒಂದೇ ಥಂಡರ್‌ಬರ್ಡ್ ಬಳಸಲಿ ಅಂತ ಮಾಡಿದ ಫೈಲ್. ಅದನ್ನು ಮೂರು ಕಂಪ್ಯೂಟರ್ ಒಟ್ಟಿಗೆ ತೆರೆದಿವೆ. ಒಂದಕ್ಕೆ ಇನ್ನೊಂದು ಇದೆ ಅನ್ನೋದು ಗೊತ್ತಿಲ್ಲ. ಪೂರ್ತಿ ಕಾರಣ ಇಷ್ಟೇ. ಆದರೂ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಪರಿಹಾರ ಆರಿಸೋದು ಸುಲಭ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮದು ವ್ಯಾಪಾರದ ಮನೆ, ಕಿರ್ದಿ ಖತಾವಣಿ ಗೊತ್ತಿರುತ್ತದೆ. ದಿನದ ವ್ಯವಹಾರ ಮೊದಲು ಕಿರ್ದಿಗೆ ಹೋಗುತ್ತದೆ. ಆಮೇಲೆ ಪುರಸೊತ್ತಿನಲ್ಲಿ ಗುಮಾಸ್ತರು ಅದನ್ನು ಖತಾವಣಿಯಲ್ಲಿ ಅವರವರ ಹಾಳೆಗೆ ಏರಿಸುತ್ತಾರೆ. ಥಂಡರ್‌ಬರ್ಡ್ 2020ರ 78ನೇ ಆವೃತ್ತಿಯಿಂದ ಅಡ್ರೆಸ್ ಬುಕ್ ಇಡಲು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬಳಸುತ್ತದೆ. ಅದರದ್ದೂ ಇದೇ ಪದ್ಧತಿ. ಮುಖ್ಯ ಫೈಲ್ ಖತಾವಣಿ ಇದ್ದ ಹಾಗೆ. ಅದರ ಪಕ್ಕದಲ್ಲೇ, ಹೆಸರಿನ ಕೊನೆಗೆ ಡಬ್ಲ್ಯು ಎ ಎಲ್ ಅಂತ ಇರುವ ಇನ್ನೊಂದು ಫೈಲ್ ಕಾಣುತ್ತದೆ, ಅದು ಕಿರ್ದಿ. ನೀವು ಹೊಸ ನಂಬರ್ ಹಾಕಿ ಸೇವ್ ಒತ್ತಿದಾಗ ಅದು ಮೊದಲು ಕಿರ್ದಿಗೆ ಹೋಗುತ್ತದೆ. ಖತಾವಣಿಗೆ ಏರುವುದು ಆಮೇಲೆ, ಸಾಮಾನ್ಯವಾಗಿ ಪ್ರೋಗ್ರಾಂ ಮುಚ್ಚುವ ಹೊತ್ತಿಗೆ.

ಈ ಕಿರ್ದಿಯಲ್ಲಿ ಎಷ್ಟನೇ ಸಾಲಿನವರೆಗೆ ಬರೆದಾಗಿದೆ ಅನ್ನುವ ಲೆಕ್ಕವನ್ನು ಎಸ್‌ಕ್ಯೂಲೈಟ್ ಕಂಪ್ಯೂಟರಿನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಕಂಪ್ಯೂಟರ್ ಆದರೆ ಸರಿ, ಎಲ್ಲ ಪ್ರೋಗ್ರಾಂಗೂ ಆ ಲೆಕ್ಕ ಕಾಣುತ್ತದೆ. ಆದರೆ ನಿಮ್ಮ ಮೆಷಿನ್ನಿನ ಮೆಮೊರಿ ಅಕ್ಕನ ಮಗನ ಮೆಷಿನ್‌ಗೆ ಹೇಗೆ ಕಾಣಬೇಕು? ಕಾಣೋದಿಲ್ಲ. ಹಾಗಾಗಿ ನೀವು ನೂರನೇ ಸಾಲಿನಲ್ಲಿ ಬರೆದ ಮೇಲೆ, ಅವನ ಮೆಷಿನ್ನೂ ಅದೇ ನೂರನೇ ಸಾಲು ಖಾಲಿ ಇದೆ ಅಂದುಕೊಂಡು ಅದರ ಮೇಲೇ ಬರೆಯುತ್ತದೆ. ಮೂವರು ಗುಮಾಸ್ತರು ಒಬ್ಬರನ್ನೊಬ್ಬರು ನೋಡದೆ, ಒಂದೇ ಕಿರ್ದಿಯ ಒಂದೇ ಹಾಳೆಯಲ್ಲಿ ಬರೆದ ಹಾಗೆ.

ಇನ್ನೊಂದು ಮಾತು. ಡೇಟಾಬೇಸ್ ಖತಾವಣಿಗೆ ಏರಿಸುವಾಗ ಬರೀ ಒಂದು ಸಾಲು ತಿದ್ದೋದಿಲ್ಲ. ಆ ಸಾಲು ಇರುವ ಹಾಳೆಯನ್ನು ಇಡಿಯಾಗಿ ಹೊಸದು ಹಾಕುತ್ತದೆ. ಅವನ ಮೆಷಿನ್‌ಗೆ ಗೊತ್ತಿರುವುದು ಬೆಳಿಗ್ಗೆ ತೆರೆದಾಗಿನ ಹಾಳೆ. ಅದರಲ್ಲಿ ನಿಮ್ಮ ಹೊಸ ನಂಬರ್ ಇಲ್ಲ. ಅವನು ಸಂಜೆ ಒಂದೇ ಒಂದು ಹೆಸರು ತಿದ್ದಿ ಮುಚ್ಚಿದರೂ, ಆ ಹಳೆ ಹಾಳೆ ನಿಮ್ಮ ಹೊಸ ಹಾಳೆಯ ಮೇಲೆ ಕೂರುತ್ತದೆ. ತಿದ್ದಿದ ನಂಬರ್ ಹಳೆಯದಕ್ಕೆ ಮರಳುವುದು ಹೀಗೆ. ಹತ್ತರಲ್ಲಿ ನಾಲ್ಕು ಹೋಗಿ ಆರು ಉಳಿಯೋದೂ ಇದಕ್ಕೇ, ಆ ಆರು ಬೇರೆ ಹಾಳೆಯಲ್ಲಿದ್ದವು.

ಬೀಗ ಇರೋದಿಲ್ವಾ ಅಂತ ನೀವು ಕೇಳಬಹುದು. ಇರುತ್ತದೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಲಿ ಅಂತ ಎಸ್‌ಕ್ಯೂಲೈಟ್ ಫೈಲಿಗೆ ಬೀಗ ಹಾಕುತ್ತದೆ. ಕಂಪ್ಯೂಟರಿನ ಒಳಗಿನ ಡಿಸ್ಕ್‌ನಲ್ಲಿ ಅದು ಗಟ್ಟಿ. ನೆಟ್‌ವರ್ಕ್ ದಾಟಿ ನಾಸ್‌ಗೆ ಹೋದಾಗ ಆ ಬೀಗ ಒಮ್ಮೆ ಹಿಡಿಯುತ್ತದೆ, ಒಮ್ಮೆ ಹಿಡಿಯುವುದಿಲ್ಲ. ಮೇಲಾಗಿ ವಿಂಡೋಸ್ ಕೂಡ ವೇಗಕ್ಕೆ ಅಂತ ನಾಸ್ ಫೈಲಿನ ಒಂದಷ್ಟು ಭಾಗ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಿಮಗೆ ಒಂದು ದಿನ ಪುಸ್ತಕ ಖಾಲಿ ಕಂಡಿತಲ್ವಾ? ಬಹುಶಃ ಆವತ್ತು ಬೀಗ ಸರಿಯಾಗಿ ಹಿಡಿದಿತ್ತು, ಎರಡನೆಯವರಿಗೆ ಫೈಲ್ ತೆರೆಯಲೇ ಇಲ್ಲ. ಎಸ್‌ಕ್ಯೂಲೈಟ್ ಮಾಡಿದವರು ಇದನ್ನು ಮುಚ್ಚಿಟ್ಟಿಲ್ಲ. ಈ ಕಿರ್ದಿ ಪದ್ಧತಿ ನೆಟ್‌ವರ್ಕ್ ಡ್ರೈವ್‌ನಲ್ಲಿ ನಡೆಯುವುದಿಲ್ಲ, ಬಳಸುವ ಎಲ್ಲರೂ ಒಂದೇ ಕಂಪ್ಯೂಟರ್‌ನಲ್ಲಿ ಇರಬೇಕು ಅಂತ ತಮ್ಮ ಕೈಪಿಡಿಯಲ್ಲೇ ಬರೆದಿದ್ದಾರೆ.

ಹಾಗಾದರೆ ಮೊದಲು ಇಷ್ಟು ದಿನ ಹೇಗೆ ನಡೆಯಿತು? ಇಬ್ಬರು ಒಂದೇ ಹೊತ್ತಿಗೆ ಬರೆಯುವ ಸಂದರ್ಭ ಬಂದಿರಲಿಲ್ಲ, ಅಷ್ಟೇ. ಸುಗ್ಗಿ ಬಂತು, ಮೂರೂ ಮೆಷಿನ್ ಬೆಳಿಗ್ಗೆಯಿಂದ ರಾತ್ರಿವರೆಗೆ ತೆರೆದೇ ಇರುತ್ತವೆ, ಎಲ್ಲರೂ ನಂಬರ್ ಸೇರಿಸುತ್ತಾರೆ. ಮೊದಲೇ ಇದ್ದ ದೋಷ ಈಗ ಹೊರಗೆ ಬಂತು.

ಇಲ್ಲಿ ಇಬ್ಬರು ಮೂವರು ಯಾವಾಗಲೂ ಕೇಳುವ ಒಂದು ಪ್ರಶ್ನೆ ಇದೆ, ನಿಮಗೂ ಬಂದಿರಬಹುದು. ‘ನಮ್ಮ ಲೆಕ್ಕದ ಪ್ರೋಗ್ರಾಂ ಟ್ಯಾಲಿ ಡೇಟಾನೂ ನಾಸ್‌ನಲ್ಲೇ ಇದೆ ಸರ್, ಮೂವರೂ ಒಟ್ಟಿಗೆ ಬಳಸ್ತೀವಿ, ಅದಕ್ಕೇನೂ ಆಗಿಲ್ಲವಲ್ಲ?’ ಸರಿಯಾದ ಪ್ರಶ್ನೆ. ಟ್ಯಾಲಿಯ ಗೋಲ್ಡ್ ಲೈಸೆನ್ಸ್ ಇರುವುದೇ ಹಲವರು ಒಟ್ಟಿಗೆ ಬಳಸಲಿ ಅಂತ. ಯಾರು ಯಾವ ವೋಚರ್ ಹಿಡಿದಿದ್ದಾರೆ ಅನ್ನೋದನ್ನು ಅದು ತಾನೇ ನೋಡಿಕೊಳ್ಳುತ್ತದೆ. ಎಕ್ಸೆಲ್ ಕೂಡ ಎರಡನೆಯವರು ತೆರೆದಾಗ, ಈ ಫೈಲ್ ಬೇರೆಯವರ ಕೈಲಿದೆ, ನೀವು ಓದಬಹುದು ಅಷ್ಟೇ ಅಂತ ಹೇಳುತ್ತದೆ. ಥಂಡರ್‌ಬರ್ಡ್‌ನ ಅಡ್ರೆಸ್ ಬುಕ್ಕಿಗೆ ಆ ಏರ್ಪಾಡು ಇಲ್ಲ. ಅದರ ಪ್ರೊಫೈಲ್ ಫೋಲ್ಡರ್‌ಗೆ, ಅಂದರೆ ಥಂಡರ್‌ಬರ್ಡ್ ತನ್ನ ಸೆಟ್ಟಿಂಗ್, ಮೇಲ್, ಅಡ್ರೆಸ್ ಬುಕ್ ಎಲ್ಲ ಇಡುವ ಫೋಲ್ಡರ್‌ಗೆ, ಒಂದು ಬೀಗ ಉಂಟು, ಆದರೆ ನಿಮ್ಮ ಮೂರು ಮೆಷಿನ್‌ಗಳ ಪ್ರೊಫೈಲ್ ಬೇರೆ ಬೇರೆ. ಲಿಂಕ್ ಕೊಟ್ಟಿರುವುದು ಒಳಗಿನ ಒಂದು ಫೈಲಿಗೆ ಮಾತ್ರ. ಮುಂಬಾಗಿಲಿಗೆ ಬೀಗ ಇದೆ, ನೀವು ಹಿತ್ತಲಲ್ಲಿ ಬಾಗಿಲು ತೆರೆದಿದ್ದೀರಿ.

ಮೇಲ್ ಯಾಕೆ ಕಳೆದುಹೋಗಿಲ್ಲ ಅಂತಲೂ ಯೋಚಿಸಿ. ನಿಮ್ಮ ಮೇಲ್ ಖಾತೆ ಐಎಂಎಪಿ ಇರಬೇಕು. ಅಂದರೆ ಮೇಲ್ ಇರುವುದು ಸರ್ವರ್‌ನಲ್ಲಿ. ಮೂರೂ ಮೆಷಿನ್ ಹೋಗಿ ಸರ್ವರನ್ನು ಕೇಳುತ್ತವೆ, ಅದು ಒಬ್ಬೊಬ್ಬರಿಗೆ ತೆಗೆದುಕೊಡುತ್ತದೆ. ಯಾರೂ ನೇರವಾಗಿ ಕಪಾಟಿಗೆ ಕೈ ಹಾಕೋದಿಲ್ಲ. ತುಂಬ ಜನ ಮೇಲ್ ಖಾತೆಯ ಜೊತೆಗೇ ಕಾಂಟ್ಯಾಕ್ಟ್ಸ್ ಕೂಡ ಸರ್ವರ್‌ನಲ್ಲಿ ಇರುತ್ತವೆ ಅಂದುಕೊಂಡಿದ್ದಾರೆ. ಇಲ್ಲ. ಐಎಂಎಪಿ ಮೇಲನ್ನು ಮಾತ್ರ ಹೊರುತ್ತದೆ, ಅಡ್ರೆಸ್ ಬುಕ್ಕನ್ನು ಹೊರುವುದಿಲ್ಲ. ನಿಮಗೆ ಬೇಕಿರುವುದು ಕಾಂಟ್ಯಾಕ್ಟ್‌ಗಳಿಗೂ ಅಂಥದ್ದೇ ಒಂದು ಸರ್ವರ್.

ಪರಿಹಾರಕ್ಕೆ ಹೋಗುವ ಮೊದಲು, ಕಳೆದದ್ದನ್ನು ಎಷ್ಟು ಸಾಧ್ಯವೋ ಅಷ್ಟು ವಾಪಸ್ ತೆಗೆಯಬೇಕು. ಇದನ್ನು ಇವತ್ತೇ ಮಾಡಿ, ಯಾಕೆಂದರೆ ದಿನ ಕಳೆದಂತೆ ಹಳೆ ಹಾಳೆಗಳು ಇನ್ನಷ್ಟು ಮುಚ್ಚಿಹೋಗುತ್ತವೆ. ಮೂರೂ ಕಡೆ ಥಂಡರ್‌ಬರ್ಡ್ ಮುಚ್ಚಿ. ನಾಸ್‌ನಲ್ಲಿ ಅಡ್ರೆಸ್ ಬುಕ್ ಇರುವ ಫೋಲ್ಡರನ್ನು ಇಡಿಯಾಗಿ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮುಖ್ಯ ಫೈಲ್ ಒಂದನ್ನೇ ತಗೊಂಡು ಪಕ್ಕದ ಕಿರ್ದಿ ಫೈಲ್ ಬಿಟ್ಟರೆ, ಇತ್ತೀಚಿನ ನಂಬರ್‌ಗಳು ಅಲ್ಲೇ ಉಳಿದುಬಿಡುತ್ತವೆ. ಈ ತಪ್ಪನ್ನು ಕಂಪ್ಯೂಟರ್ ರಿಪೇರಿಯವರೂ ಮಾಡುತ್ತಾರೆ.

ಆಮೇಲೆ ನಾಸ್‌ನ ಸೆಟ್ಟಿಂಗ್‌ನಲ್ಲಿ ಸ್ನ್ಯಾಪ್‌ಶಾಟ್ (ಆಗಾಗ ಫೈಲ್‌ಗಳ ಆ ಹೊತ್ತಿನ ಸ್ಥಿತಿ ಉಳಿಸಿಡುವ ಸೌಕರ್ಯ) ಆನ್ ಇತ್ತಾ ನೋಡಿ. ಇದ್ದಿದ್ದರೆ ಅದೃಷ್ಟ, ಬೇರೆ ಬೇರೆ ದಿನದ ಫೈಲ್ ಸಿಗುತ್ತದೆ. ನಾಸ್‌ನ ರಿಸೈಕಲ್ ಬಿನ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಅಳಿಸಿದ ಫೈಲ್ ಅಲ್ಲಿಗೆ ಹೋಗುತ್ತದೆ, ಮೇಲೆ ಬರೆದ ಫೈಲ್ ಹೋಗುವುದಿಲ್ಲ. ಎರಡು ಡಿಸ್ಕ್ ಹಾಕಿ ರೈಡ್ (ಎರಡರಲ್ಲೂ ಅದನ್ನೇ ಬರೆಯುವ ಜೋಡಣೆ) ಮಾಡಿಸಿದ್ದೇವೆ, ಬ್ಯಾಕಪ್ ಇದೆ ಅಂತ ಯಾರಾದರೂ ಹೇಳಿದ್ದರೆ ಅದನ್ನೂ ಮರೆತುಬಿಡಿ. ರೈಡ್ ಒಂದು ಡಿಸ್ಕ್ ಸತ್ತರೆ ಕಾಯುತ್ತದೆ. ತಪ್ಪು ನಂಬರ್ ಬರೆದರೆ ಎರಡೂ ಡಿಸ್ಕಿಗೆ ಅದೇ ಕ್ಷಣ ತಪ್ಪನ್ನೇ ಬರೆಯುತ್ತದೆ.

ಮೂರೂ ಕಂಪ್ಯೂಟರಿನ ಪ್ರೊಫೈಲ್ ಫೋಲ್ಡರ್‌ನಲ್ಲಿ, ಲಿಂಕ್ ಮಾಡುವ ಮೊದಲು ಇದ್ದ ಹಳೆ ಅಡ್ರೆಸ್ ಬುಕ್ ಫೈಲ್ ಹೆಸರು ಬದಲಿಸಿಕೊಂಡು ಕೂತಿರಬಹುದು. ಥಂಡರ್‌ಬರ್ಡ್‌ನ ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಮಾಹಿತಿ ಅಂತ ಒಂದು ಪುಟ ಇದೆ, ಆ ಫೋಲ್ಡರ್ ತೆರೆಯುವ ಬಟನ್ ಅಲ್ಲೇ ಸಿಗುತ್ತದೆ. ಹಾಗೇ ‘ಕಲೆಕ್ಟೆಡ್ ಅಡ್ರೆಸಸ್’ ಎಂಬ ಎರಡನೇ ಪುಸ್ತಕ ತೆರೆದು ನೋಡಿ. ನೀವು ಯಾರಿಗೆ ಮೇಲ್ ಕಳಿಸಿದ್ದೀರೋ ಅವರ ವಿಳಾಸವನ್ನು ಥಂಡರ್‌ಬರ್ಡ್ ಅಲ್ಲಿ ತಾನಾಗಿ ಸೇರಿಸಿಕೊಂಡಿರುತ್ತದೆ. ಅದು ಬೇರೆ ಫೈಲ್. ನಿಮ್ಮವರು ಅದಕ್ಕೆ ಲಿಂಕ್ ಮಾಡಿರದಿದ್ದರೆ ಅದು ಸುರಕ್ಷಿತವಾಗಿಯೇ ಇರುತ್ತದೆ. ಫೋನ್ ನಂಬರ್ ಬೇಕಾದರೆ ಬಂದ ಮೇಲ್‌ಗಳ ಕೊನೆಯ ಸಹಿ ನೋಡಿ. ವ್ಯಾಪಾರಸ್ಥರು ಅಲ್ಲಿ ನಂಬರ್ ಹಾಕದೇ ಇರೋದು ಕಡಿಮೆ. ಇನ್ನುಳಿದದ್ದು ನಿಮ್ಮ ಮೂವರ ಮೊಬೈಲ್‌ನಲ್ಲಿ ಸಿಗುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದೇ ಮೆಷಿನ್‌ನಲ್ಲಿ, ಒಬ್ಬರೇ ಕೂತು ಜೋಡಿಸಿ. ಇಲ್ಲಿ ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು, ಯಾಕೆಂದರೆ ಉಳಿದ ನಂಬರ್‌ಗಳೂ ಹಾಳಾಗುವುದು ಈ ಹಂತದಲ್ಲೇ. ಥಂಡರ್‌ಬರ್ಡ್‌ನಿಂದ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ತೆಗೆದು ನೇರವಾಗಿ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಎರಡು ಅನಾಹುತ ಆಗುತ್ತವೆ. ಕನ್ನಡದಲ್ಲಿ ಬರೆದ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಮತ್ತೆ 91 ಸೇರಿಸಿ ಬರೆದ 12 ಅಂಕಿಯ ಫೋನ್ ನಂಬರನ್ನು ಎಕ್ಸೆಲ್ ದೊಡ್ಡ ಮೊತ್ತ ಅಂದುಕೊಂಡು 9.19 ಇ+11 ಅಂತ ಚಿಕ್ಕದು ಮಾಡಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಸೇವ್ ಮಾಡಿದರೆ ಕಣ್ಣಿಗೆ ಕಂಡಿದ್ದೇ ಫೈಲಿಗೆ ಹೋಗುತ್ತದೆ, ನಿಜವಾದ ನಂಬರ್ ಹೋಯಿತು ಅಂತಲೇ. ಎಸ್‌ಟಿಡಿ ಕೋಡಿನ ಮೊದಲ ಸೊನ್ನೆಯೂ ಹೀಗೇ ಹಾರಿಹೋಗುತ್ತದೆ. ಗಂಗಾವತಿಯ 08533 ಬರೀ 8533 ಆಗಿಬಿಡುತ್ತದೆ. ಎಕ್ಸೆಲ್ ಬೇಕೇ ಬೇಕು ಅಂದರೆ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಕನ್ನಡ ಅಕ್ಷರ ಸರಿಯಾಗಿ ಬರಲು ಯುಟಿಎಫ್-8 ಆರಿಸಿ, ಫೋನ್ ಕಾಲಮ್‌ಗಳನ್ನು ಟೆಕ್ಸ್ಟ್ ಅಂತ ಗುರುತಿಸಿ. ನನ್ನ ಮಾತು ಕೇಳಿದರೆ ಎಕ್ಸೆಲ್ ಗೊಡವೆಯೇ ಬೇಡ. ಕಾಂಟ್ಯಾಕ್ಟ್‌ಗಳಿಗೆಂದೇ ಇರುವ ವಿಕಾರ್ಡ್ ಎಂಬ ಫೈಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಕನ್ನಡ ಹೆಸರು, ನಂಬರ್ ಎರಡೂ ಇದ್ದ ಹಾಗೇ ಬರುತ್ತವೆ, ಮೊಬೈಲ್‌ಗೂ ಅದೇ ಫೈಲ್ ಆಗುತ್ತದೆ.

ಇನ್ನು ಮುಂದೆ ಹೇಗೆ ಇಡಬೇಕು ಅನ್ನೋದು. ನಾನು ನಿಮ್ಮ ಜಾಗದಲ್ಲಿದ್ದರೆ ಕಾರ್ಡ್‌ಡಾವ್ ಎಂಬ ಪದ್ಧತಿಗೆ ಹೋಗುತ್ತಿದ್ದೆ. ಇದು 2011ರಿಂದ ಇರುವ ಮಾನಕ, ಒಂದು ಕಂಪನಿಯ ಸ್ವತ್ತಲ್ಲ. ಇದರಲ್ಲಿ ಪ್ರತಿ ಕಾಂಟ್ಯಾಕ್ಟ್ ಸರ್ವರ್‌ನಲ್ಲಿ ಒಂದೊಂದು ಬಿಡಿ ಚೀಟಿಯಾಗಿ ಇರುತ್ತದೆ. ನೀವು ಒಬ್ಬ ಬ್ರೋಕರ್‌ನ ನಂಬರ್ ತಿದ್ದಿದರೆ ಆ ಒಂದು ಚೀಟಿ ಬದಲಾಗುತ್ತದೆ, ಉಳಿದ 599ಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಥಂಡರ್‌ಬರ್ಡ್‌ನ 2021ರ 91ನೇ ಆವೃತ್ತಿಯಿಂದ ಇದು ಒಳಗೇ ಬರುತ್ತದೆ. ಅಡ್ರೆಸ್ ಬುಕ್‌ನಲ್ಲಿ ಹೊಸ ಕಾರ್ಡ್‌ಡಾವ್ ಪುಸ್ತಕ ಸೇರಿಸಿ ಅಂತ ಆಯ್ಕೆ ಇದೆ. ನಂಬರ್‌ಗಳ ಒಂದು ಪ್ರತಿ ಪ್ರತಿ ಮೆಷಿನ್‌ನಲ್ಲೂ ಇರುತ್ತದೆ. ಇಂಟರ್ನೆಟ್ಟೋ ಸರ್ವರ್ರೋ ನಿಂತಾಗಲೂ ನೋಡಬಹುದು, ಆದರೆ ಆ ಹೊತ್ತಿನಲ್ಲಿ ತಿದ್ದಲು ಹೋಗಬೇಡಿ.

ಸರ್ವರ್ ಎಲ್ಲಿಂದ ತರೋದು? ಎರಡು ದಾರಿ. ಸುಲಭದ್ದು ಗೂಗಲ್. ಆಫೀಸಿಗೆ ಅಂತಲೇ ಒಂದು ಬೇರೆ ಖಾತೆ ತೆರೆದು, ಕಾಂಟ್ಯಾಕ್ಟ್ಸ್‌ಗೆ ನಿಮ್ಮ ವಿಕಾರ್ಡ್ ಹಾಕಿ, ಮೂರೂ ಥಂಡರ್‌ಬರ್ಡ್‌ಗೆ ಅದನ್ನು ಸೇರಿಸಿದರೆ ಮುಗಿಯಿತು. 25,000 ಕಾಂಟ್ಯಾಕ್ಟ್‌ವರೆಗೆ ಇಡಬಹುದು, ನಿಮಗೆ ಅದು ಧಾರಾಳ. ಏನಾದರೂ ತಪ್ಪಾದರೆ 30 ದಿನದ ಒಳಗಿನ ಯಾವುದೇ ದಿನಕ್ಕೆ ಇಡೀ ಪುಸ್ತಕವನ್ನು ಹಿಂದಕ್ಕೆ ಒಯ್ಯುವ ಸೌಕರ್ಯ ಇದೆ. ಸಣ್ಣ ಆಫೀಸಿಗೆ ಇದೊಂದೇ ಸಾಕು ಅನ್ನಿಸುವಷ್ಟು ಬೆಲೆಬಾಳುವ ವಿಷಯ ಅದು. ತೊಂದರೆ ಏನೆಂದರೆ ಒಂದೇ ಖಾತೆಯ ಪಾಸ್‌ವರ್ಡ್ ಮೂವರ ಕೈಲಿ ಇರುತ್ತದೆ. ಯಾರಾದರೂ ಕೆಲಸ ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಬೇಕು, ಅವರ ಮೊಬೈಲ್‌ನಿಂದ ಆ ಖಾತೆ ತೆಗೆಸಬೇಕು. ನಿಮ್ಮ ಖರೀದಿದಾರರ ಪಟ್ಟಿ ಅಂದರೆ ನಿಮ್ಮ ವ್ಯಾಪಾರವೇ. ಅದು ಹೊರಗಿನ ಕಂಪನಿಯ ಸರ್ವರ್‌ನಲ್ಲಿ ಇರೋದು ಒಪ್ಪಿಗೆಯಾ ಅನ್ನೋದನ್ನು ಮನೆಯ ಹಿರಿಯರ ಜೊತೆ ಕೂತು ತೀರ್ಮಾನಿಸಿ.

ಒಪ್ಪಿಗೆ ಇಲ್ಲ ಅಂದರೆ ಎರಡನೇ ದಾರಿ, ಇರುವ ನಾಸ್‌ನಲ್ಲೇ ಸರ್ವರ್ ಓಡಿಸುವುದು. ನಾಸ್ ಆಗ ಬರೀ ಕಪಾಟಲ್ಲ, ಕಪಾಟಿನ ಮುಂದೆ ಕೂರುವ ಗುಮಾಸ್ತನೂ ಆಗುತ್ತದೆ. ಸಿನಾಲಜಿಯಂಥ ಕೆಲವು ನಾಸ್‌ಗಳಿಗೆ ಕಾಂಟ್ಯಾಕ್ಟ್ಸ್ ಪ್ಯಾಕೇಜ್ ಅವರೇ ಕೊಡುತ್ತಾರೆ. ಇಲ್ಲದಿದ್ದರೆ ನೆಕ್ಸ್ಟ್‌ಕ್ಲೌಡ್ ಅಥವಾ ರಾಡಿಕೇಲ್ ಎಂಬ ಸರ್ವರ್ ಪ್ರೋಗ್ರಾಂ ಹಾಕಬಹುದು, ಎರಡೂ ಉಚಿತ. ರಾಡಿಕೇಲ್ ತುಂಬ ಹಗುರ, ಹಳೆಯ ನಾಸ್‌ನಲ್ಲೂ ನಡೆಯುತ್ತದೆ. ಇಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಪಾಸ್‌ವರ್ಡ್ ಕೊಡಬಹುದು. ಆದರೆ ಮೊದಲ ಸಲ ಕೂರಿಸಲು ಗೊತ್ತಿರುವವರು ಬೇಕು, ಆಮೇಲೆ ಅಪ್‌ಡೇಟ್ ನೋಡಿಕೊಳ್ಳಲೂ ಒಬ್ಬರು ಬೇಕು. ಅಂಥವರು ಗಂಗಾವತಿಯಲ್ಲಿ ನಿಮಗೆ ಸಿಗದಿದ್ದರೆ ಗೂಗಲ್ ದಾರಿಯೇ ಕ್ಷೇಮ ಅಂತ ನಾನು ಹೇಳುತ್ತೇನೆ.

ನಾಸ್ ದಾರಿ ಹಿಡಿದರೆ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಮೊಬೈಲ್‌ನಿಂದ ಹೊರಗೂ ನಂಬರ್ ಕಾಣಲಿ ಅಂತ ರೂಟರ್‌ನಲ್ಲಿ ಪೋರ್ಟ್ ತೆರೆದು ನಾಸ್ ಅನ್ನು ಇಂಟರ್ನೆಟ್ಟಿಗೆ ಒಡ್ಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ ಹೀಗೆ ತೆರೆದಿಟ್ಟ ಸಾವಿರಾರು ನಾಸ್‌ಗಳ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತ್ತು. ಆಫೀಸಿನ ವೈಫೈಗೆ ಬಂದಾಗ ಮೊಬೈಲ್ ತಾನೇ ಹೊಸ ನಂಬರ್ ಎಳೆದುಕೊಳ್ಳಲಿ, ಸಾಕು. ಆಂಡ್ರಾಯ್ಡ್‌ನಲ್ಲಿ ಡಾವ್‌ಎಕ್ಸ್5 ಎಂಬ ಆ್ಯಪ್ ಅದಕ್ಕೆ ಇದೆ.

ಯಾವ ದಾರಿ ಹಿಡಿದರೂ ನಿಮಗೆ ಒಂದು ತೊಡಕು ಎದುರಾಗಬಹುದು. ಬ್ರೋಕರ್‌ಗಳಿಗೆಲ್ಲ ಒಟ್ಟಿಗೆ ರೇಟ್ ಕಳಿಸಲು ನೀವು ಅಡ್ರೆಸ್ ಬುಕ್‌ನಲ್ಲಿ ಗುಂಪು ಮಾಡಿಕೊಂಡಿದ್ದರೆ, ಆ ಗುಂಪು ಥಂಡರ್‌ಬರ್ಡ್‌ನ ಕಾರ್ಡ್‌ಡಾವ್ ಪುಸ್ತಕಕ್ಕೆ ಬರುವುದಿಲ್ಲ. ವಿಕಾರ್ಡ್‌ನಲ್ಲೂ ಅದು ಸಾಗುವುದಿಲ್ಲ. ರೇಟ್ ಕಳಿಸುವುದು ಸಾಮಾನ್ಯವಾಗಿ ಒಬ್ಬರೇ ತಾನೇ? ಅವರ ಮೆಷಿನ್ನಿನ ಸ್ವಂತ ಪುಸ್ತಕದಲ್ಲಿ ಆ ಗುಂಪು ಇರಲಿ. ಹಳೆ ಪುಸ್ತಕ ಅಳಿಸುವ ಮೊದಲು ಗುಂಪಿನಲ್ಲಿ ಯಾರ್ಯಾರಿದ್ದಾರೆ ಅಂತ ಒಂದು ಹಾಳೆಗೆ ಬರೆದಿಟ್ಟುಕೊಳ್ಳಿ.

ಸರ್ವರ್ ಗಿರ್ವರ್ ಏನೂ ಬೇಡ, ಇರೋದರಲ್ಲೇ ಆಗಲಿ ಅನ್ನುವವರಿಗೆ ಒಂದು ದಾರಿ ಇದೆ. ಪುಸ್ತಕಕ್ಕೆ ಒಬ್ಬರೇ ಒಡೆಯರು. ಹೊಸ ನಂಬರ್ ಯಾರಿಗೆ ಬಂದರೂ ಅವರಿಗೆ ಹೇಳಬೇಕು, ಅವರು ತಮ್ಮ ಮೆಷಿನ್‌ನಲ್ಲಿ ಸೇರಿಸಿ ವಾರಕ್ಕೊಮ್ಮೆ ವಿಕಾರ್ಡ್ ತೆಗೆದು ನಾಸ್‌ನಲ್ಲಿ ಇಡಬೇಕು, ಉಳಿದವರು ತಮ್ಮ ಹಳೆ ಪುಸ್ತಕ ತೆಗೆದು ಹೊಸದನ್ನು ಇಂಪೋರ್ಟ್ ಮಾಡಬೇಕು. ತೆಗೆಯದೆ ಮೇಲಿಂದ ಮೇಲೆ ಇಂಪೋರ್ಟ್ ಮಾಡಿದರೆ ಒಬ್ಬನೇ ಮನುಷ್ಯ ನಾಲ್ಕು ಸಲ ಕಾಣುತ್ತಾನೆ. ಇದು ನಡೆಯುತ್ತದೆ. ಆದರೆ ಸುಗ್ಗಿಯ ಗಡಿಬಿಡಿಯಲ್ಲಿ ಈ ಶಿಸ್ತು ಎರಡು ವಾರಕ್ಕಿಂತ ಜಾಸ್ತಿ ಉಳಿದಿದ್ದನ್ನು ನಾನು ಕಂಡಿಲ್ಲ.

ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಂ ಔಟ್‌ಲುಕ್‌ಗೆ ಬದಲಾಯಿಸಿದರೆ ಸರಿ ಹೋಗುತ್ತಾ ಅಂತ ಯಾರಾದರೂ ಕೇಳಿದರೆ, ಅದು ಮೇಲ್, ಕಾಂಟ್ಯಾಕ್ಟ್ ಇಡುವ ಪಿಎಸ್‌ಟಿ ಫೈಲನ್ನು ನಾಸ್‌ನಲ್ಲಿ ಇಟ್ಟರೆ ಇದೇ ಗೋಳು. ದಿನನಿತ್ಯದ ಬಳಕೆಗೆ ನೆಟ್‌ವರ್ಕ್‌ನಲ್ಲಿ ಪಿಎಸ್‌ಟಿ ಇಡುವುದಕ್ಕೆ ಮೈಕ್ರೋಸಾಫ್ಟ್ ಬೆಂಬಲ ಕೊಡುವುದಿಲ್ಲ.

ಹೊಸ ಏರ್ಪಾಡು ಮಾಡುವಾಗ ಹಳೆ ಲಿಂಕ್ ತೆಗೆಯಲು ಮರೆಯಬೇಡಿ. ಮೂರೂ ಮೆಷಿನ್‌ನಲ್ಲಿ ತೆಗೆಯಬೇಕು. ಒಂದರಲ್ಲಿ ಉಳಿದರೂ ಅಲ್ಲಿ ಕೂತವರು ಗೊತ್ತಿಲ್ಲದೆ ಹಳೆ ಪುಸ್ತಕಕ್ಕೇ ನಂಬರ್ ಸೇರಿಸುತ್ತಾ ಹೋಗುತ್ತಾರೆ. ಮೂರರಲ್ಲೂ ಥಂಡರ್‌ಬರ್ಡ್ ಆವೃತ್ತಿ ಒಂದೇ ಇರಲಿ. ಒಂದು ಮೆಷಿನ್ ಇನ್ನೂ ವಿಂಡೋಸ್ 7 ಆಗಿದ್ದರೆ ಅದಕ್ಕೆ 115ನೇ ಆವೃತ್ತಿಯೇ ಕೊನೆಯದು. ಕಾರ್ಡ್‌ಡಾವ್‌ಗೆ ಅದು ಸಾಕಾಗುತ್ತದೆ, ಆದರೆ ಆ ಮೆಷಿನ್ ಬದಲಿಸುವ ಕಾಲ ಬಂದಿದೆ. ಹೊಸ ನಾಸ್‌ಗೆ ಅಂತ ತೆಗೆದಿಟ್ಟ ದುಡ್ಡನ್ನು ಅದಕ್ಕೆ ಹಾಕಿ.

ಎಲ್ಲ ಕೂರಿಸಿದ ಮೇಲೆ 600 ನಂಬರ್ ತುಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಹೊಸ ಪುಸ್ತಕದಲ್ಲಿ ಹತ್ತು ಸುಳ್ಳು ಹೆಸರು ಹಾಕಿ. ನೀವೂ ಅಕ್ಕನ ಮಗನೂ ಎದುರುಬದುರು ಕೂತುಕೊಳ್ಳಿ. ನೀವು ಮೂರು ಹೊಸದು ಸೇರಿಸಿ, ಅವನು ಬೇರೆ ಮೂರು ಸೇರಿಸಲಿ. ಇಬ್ಬರೂ ಸಿಂಕ್ರೊನೈಸ್ ಒತ್ತಿ. ಹದಿನಾರೂ ಇಬ್ಬರಿಗೂ ಕಾಣಬೇಕು. ಆಮೇಲೆ ಇಬ್ಬರೂ ಒಂದೇ ಹೆಸರನ್ನು ಒಂದೇ ಹೊತ್ತಿಗೆ ಬೇರೆ ಬೇರೆ ನಂಬರ್‌ಗೆ ತಿದ್ದಿ. ಒಂದೇ ಚೀಟಿಗೆ ಇಬ್ಬರು ಕೈ ಹಾಕಿದಾಗ ಯಾರಾದರೂ ಒಬ್ಬರದು ಹೋಗುವ ಸಾಧ್ಯತೆ ಇಲ್ಲೂ ಇದೆ. ಯಾರದು ಉಳಿಯಿತು, ಏನಾದರೂ ಸೂಚನೆ ಬಂತಾ ಅಂತ ನೋಡಿಟ್ಟುಕೊಳ್ಳಿ. ಉಳಿದ ಹದಿನೈದು ಹೆಸರು ಮಾತ್ರ ಅಲುಗಾಡಿರಬಾರದು. ಕೊನೆಗೆ ಅವನ ಕೈಯಲ್ಲೇ ಮೂರೂ ಮೆಷಿನ್ ಮುಚ್ಚಿಸಿ, ಬೆಳಿಗ್ಗೆ ನೀವು ಹೋಗಿ ತೆರೆದು ಎಣಿಸಿ.